ನಾಯಕನ ಋಣ, ದೇವರ ಋಣ: ಸಂಗೀತಗಾರ್ತಿ ಮೇರಿ ಲೂ ವಿಲಿಯಮ್ಸ್

ಒಡಂಬಡಿಕೆಯ ಮಂಜೂಷವು ಜೆರುಸಲೇಮನ್ನು ಪ್ರವೇಶಿಸಿದಾಗ ದಾವೀದರಸನು ಅದರ ಮುಂದೆ ಮೈಮರೆತು ಕುಣಿದನೆಂದೂ, ಅರಮನೆಯ ಕಿಟಕಿಯಿಂದ ಅದನ್ನು ಕಂಡ ಅವನ ಹೆಂಡತಿ ಮೀಕಲಳು ಮನಸ್ಸಿನಲ್ಲೇ ಅವನನ್ನು ಹೀಗಳೆದಳೆಂದೂ ಪವಿತ್ರ ಗ್ರಂಥವು ತಿಳಿಸುತ್ತದೆ. ದೇವರ ಸನ್ನಿಧಿಯಲ್ಲಿ ಯಾವ ನಾದ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಪ್ರಶ್ನೆ ಹೀಗೆ ಬಹು ಹಳೆಯದು. ನಮ್ಮ ಧರ್ಮಸಭೆಯಲ್ಲಿಯೂ ಈ ಪ್ರಶ್ನೆ ಕಾಲಕಾಲಕ್ಕೆ ಎದ್ದಿದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತವರಲ್ಲಿ ಅಮೆರಿಕದ ಕರಿಯ ಜನಾಂಗದ ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಒಬ್ಬರು. ನೃತ್ಯಶಾಲೆಗಳಲ್ಲಿ ಬೆಳೆದ ಸಂಗೀತವನ್ನು ಬಲಿಪೀಠದ ಬಳಿಗೆ ತಂದ ಈ ಮಹಿಳೆಯ ಜೀವನವನ್ನು ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನೆನೆಯುವುದು ಉಚಿತವಾಗಿದೆ.

ಬಾಲ್ಯ

ಈಕೆಯ ಹುಟ್ಟುಹೆಸರು ಮೇರಿ ಎಲ್‌ಫ್ರೀಡ ಸ್ಕ್ರಗ್ಸ್. 1910ನೆಯ ಇಸವಿ ಮೇ 8ರಂದು ಜಾರ್ಜಿಯ ಪ್ರಾಂತದ ಅಟ್ಲಾಂಟ ನಗರದಲ್ಲಿ ಜನನ. ತಾಯಿ ಮನೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ಸಣ್ಣ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದರು. ಮೂರು ವರ್ಷದ ಮಗು ತಾಯಿಯ ತೊಡೆಯ ಮೇಲೆ ಕುಳಿತು, ತಾಯಿ ನುಡಿಸಿದ್ದನ್ನೇ ತನ್ನ ಎಳೆಯ ಬೆರಳುಗಳಿಂದ ಮರಳಿ ನುಡಿಸಿತೆಂದು ಆ ಮನೆಯವರು ಹೇಳುತ್ತಿದ್ದರು. ಪಾಠ ಹೇಳಿಸಿದರೆ ಮಗು ಕಾಗದ ನೋಡಿ ನುಡಿಸುವುದನ್ನು ಮಾತ್ರ ಕಲಿತೀತೆಂಬ ಭಯದಿಂದ ತಾಯಿ ಆಕೆಗೆ ಶಿಕ್ಷಕರನ್ನು ನೇಮಿಸಲಿಲ್ಲ. ಬದಲಾಗಿ ಊರಿನ ಒಳ್ಳೆಯ ವಾದಕರನ್ನು ಮನೆಗೆ ಕರೆದು ಮಗಳಿಗೆ ಕೇಳಿಸಿದರು.

ಆಕೆಗೆ ನಾಲ್ಕೈದು ವರ್ಷವಿದ್ದಾಗ ಸಂಸಾರವು ಉಕ್ಕಿನ ಕಾರ್ಖಾನೆಗಳ ಪಟ್ಟಣವಾದ ಪಿಟ್ಸ್‌ಬರ್ಗಿಗೆ ಬಂದು ನೆಲೆಸಿತು. ಅಲ್ಲಿ ಬಿಳಿಯರ ನೆರೆಹೊರೆ. ಬಂದ ಹೊಸದರಲ್ಲಿ ಈ ಕರಿಯರ ಮನೆಯ ಮೇಲೆ ಇಟ್ಟಿಗೆಗಳು ಬಿದ್ದವು. ಬಾಲಕಿಯ ಪಿಯಾನೋ ಕೇಳಿದ ಮೇಲೆ ಅದೇ ನೆರೆಯವರು ಆಕೆಯನ್ನು ತಮ್ಮ ಮನೆಗಳಿಗೆ ಕರೆಸಿ ನುಡಿಸಿಸಿಕೊಂಡರು. ದ್ವೇಷವನ್ನು ಸಂಗೀತವು ಹೇಗೆ ಕರಗಿಸಬಲ್ಲುದೆಂಬ ಪಾಠ ಆ ಬಾಲಕಿಗೆ ಅಷ್ಟು ಚಿಕ್ಕ ವಯಸ್ಸಿನಲ್ಲೇ ದೊರೆಯಿತು. ಈಸ್ಟ್ ಲಿಬರ್ಟಿ ಎಂಬ ಆ ಬಡಾವಣೆಯ ಪಿಯಾನೋ ಹುಡುಗಿ ಎಂದೇ ಆಕೆ ಹೆಸರಾದಳು. ಹತ್ತು ಹನ್ನೆರಡರ ಪ್ರಾಯದಲ್ಲಿ ಶ್ರೀಮಂತರ ಔತಣಗಳಲ್ಲಿ ನುಡಿಸಿ ಮನೆಗೆ ಹಣ ತರುತ್ತಿದ್ದಳು.

ಒಮ್ಮೆ ಊರಿನ ನಾಟಕಶಾಲೆಯಲ್ಲಿ ಲವೀ ಆಸ್ಟಿನ್ ಎಂಬ ಮಹಿಳೆಯು ವಾದ್ಯವೃಂದವನ್ನು ನಡೆಸುತ್ತಿದ್ದುದನ್ನು ಕಂಡಳು. ಆಕೆ ಎಡಗೈಯಿಂದ ಪಿಯಾನೋ ನುಡಿಸುತ್ತಾ ಬಲಗೈಯಿಂದ ಮುಂದಿನ ಅಂಕಕ್ಕೆ ಬೇಕಾದ ಸ್ವರಗಳನ್ನು ಬರೆಯುತ್ತಿದ್ದಳಂತೆ. ಹೆಣ್ಣೂ ವಾದ್ಯವೃಂದಕ್ಕೆ ಸಂಗೀತ ರಚಿಸಬಹುದು ಎಂಬ ಆಸೆ ಆ ದಿನ ಮೊಳೆಯಿತು.

ಅಲೆದಾಟದ ದಿನಗಳು

ಹದಿಹರೆಯದಲ್ಲೇ ಊರೂರು ತಿರುಗುವ ನಾಟಕ ತಂಡವನ್ನು ಸೇರಿ, ಅಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ವಿಲಿಯಮ್ಸ್ ಎಂಬ ತರುಣನ ಪರಿಚಯವಾಗಿ ಆತನನ್ನು ವರಿಸಿದರು. ಗಂಡನು ಓಕ್ಲಹೋಮದಲ್ಲಿ ಟೆರೆನ್ಸ್ ಹೋಲ್ಡರ್ ಎಂಬಾತನ ತಂಡವನ್ನು ಸೇರಲು ಮುಂದಾಗಿ ಹೋದಾಗ, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಪೂರೈಸುವ ಹೊಣೆಯನ್ನು ಹದಿನೆಂಟು ತುಂಬದ ಮೇರಿ ಹೊತ್ತು, ಗಂಡಸರ ತಂಡವನ್ನು ತಾವೇ ನಡೆಸಿದರು. ಬಳಿಕ ಗಂಡನಿದ್ದಲ್ಲಿಗೆ ಹೋದರೆ ಅಲ್ಲಿ ಪಿಯಾನೋ ನುಡಿಸಲು ಬೇರೊಬ್ಬರಿದ್ದರು. ಹೊಟ್ಟೆಪಾಡಿಗಾಗಿ ಕೆಲಕಾಲ ಶವಸಂಸ್ಕಾರದ ವ್ಯವಸ್ಥೆ ಮಾಡುವವನೊಬ್ಬನ ಬಳಿ ಶವದ ಗಾಡಿಯನ್ನು ಓಡಿಸಿದರು.

1929ರಲ್ಲಿ ಹೋಲ್ಡರನು ತಂಡವನ್ನು ಬಿಟ್ಟನು. ತಂಡದವರು ಒಟ್ಟಾಗಿ ಆಂಡಿ ಕರ್ಕ್ ಎಂಬವರನ್ನು ನಾಯಕರನ್ನಾಗಿ ಆರಿಸಿಕೊಂಡರು. ಮೇರಿಯವರ ಬಾಳಿನ ಮುಖ್ಯ ಅಧ್ಯಾಯ ಇಲ್ಲಿಂದ ಆರಂಭವಾಗುತ್ತದೆ.

ಆಂಡಿ ಕರ್ಕ್ ಎಂಬ ನಾಯಕ

ಆಂಡಿ ಕರ್ಕ್ 1898ರಲ್ಲಿ ಕೆಂಟಕಿ ಪ್ರಾಂತದಲ್ಲಿ ಹುಟ್ಟಿ ಡೆನ್ವರ್ ನಗರದಲ್ಲಿ ಬೆಳೆದವರು. ಟ್ಯೂಬಾ ಎಂಬ ಭಾರಿ ಗಾತ್ರದ ಹಿತ್ತಾಳೆಯ ಊದುವಾದ್ಯವನ್ನೂ ಮಂದ್ರಸ್ಥಾಯಿಯ ಸ್ಯಾಕ್ಸೊಫೋನನ್ನೂ ನುಡಿಸುತ್ತಿದ್ದರು. ಶಾಸ್ತ್ರೋಕ್ತವಾಗಿ ಸ್ವರಲಿಪಿಯನ್ನು ಕಲಿತವರು, ಮೃದು ಸ್ವಭಾವದವರು. ಜನರನ್ನು ಬೆರಗುಗೊಳಿಸುವ ವಾದಕರೆಂದು ಅವರಿಗೆ ಹೆಸರಿರಲಿಲ್ಲ. ಅವರ ದೊಡ್ಡ ಗುಣವೆಂದರೆ ಇತರರಲ್ಲಿದ್ದ ಪ್ರತಿಭೆಯನ್ನು ಗುರುತಿಸಿ, ಅದಕ್ಕೆ ಎಡೆಮಾಡಿಕೊಡುವ ತಾಳ್ಮೆ.

1929ರ ನವೆಂಬರಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಗ್ರಾಮಫೋನ್ ಕಂಪನಿಯವರು ತಂಡವನ್ನು ಪರೀಕ್ಷಿಸಲು ಬಂದಾಗ ನಿಯಮಿತ ಪಿಯಾನೋ ವಾದಕನು ಇರಲಿಲ್ಲ. ಅವನ ಸ್ಥಾನದಲ್ಲಿ ಮೇರಿ ಕುಳಿತರು. ಕಂಪನಿಯವರಿಗೆ ಆ ಕೈಚಳಕ ಹಿಡಿಸಿತು. ಮರುವರ್ಷ ಷಿಕಾಗೋದಲ್ಲಿ ಅವರು ಒಬ್ಬರೇ ನುಡಿಸಿದ ಎರಡು ರಚನೆಗಳು ಮುದ್ರಣಗೊಂಡವು. ಮೇರಿ ಲೂ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಆ ಗ್ರಾಮಫೋನ್ ತಟ್ಟೆಯಿಂದಲೇ. ಅಲ್ಲಿಂದ ಮುಂದೆ ಅವರು ಕರ್ಕರ ತಂಡದ ಪಿಯಾನೋ ವಾದಕಿಯೂ ಪ್ರಧಾನ ಸಂಯೋಜಕಿಯೂ ಆದರು.

ಇಲ್ಲಿ ಸ್ವಿಂಗ್ ಸಂಗೀತದ ಬಗೆಗೆ ಎರಡು ಮಾತು ಅಗತ್ಯ. ಕರಿಯ ಜನರ ಗುಲಾಮಗಿರಿಯ ದುಃಖದಿಂದ ಹುಟ್ಟಿದ ಭಕ್ತಿಗೀತೆಗಳೂ ಶೋಕಗೀತೆಗಳೂ ಬೆಳೆದು ಜಾಝ್ ಎಂಬ ಸಂಗೀತವಾಯಿತು. 1930ರ ದಶಕದಲ್ಲಿ ಅದು ಹತ್ತು ಹದಿನಾಲ್ಕು ಮಂದಿಯ ದೊಡ್ಡ ತಂಡಗಳ ನೃತ್ಯಸಂಗೀತವಾಗಿ ಸ್ವಿಂಗ್ ಎನಿಸಿಕೊಂಡಿತು. ಒಂದೆಡೆ ಕಹಳೆಗಳು, ಇನ್ನೊಂದೆಡೆ ಸ್ಯಾಕ್ಸೊಫೋನುಗಳು, ಹಿಂದೆ ಪಿಯಾನೋ, ಗಿಟಾರ್, ಬಾಸ್ ಮತ್ತು ಡ್ರಮ್. ಒಂದು ಗುಂಪು ಕೇಳಿದ್ದಕ್ಕೆ ಇನ್ನೊಂದು ಗುಂಪು ಉತ್ತರ ಕೊಟ್ಟಂತೆ ನಾದವು ಅತ್ತಿತ್ತ ತೂಗುತ್ತದೆ. ನಮ್ಮ ಭಜನೆಯಲ್ಲಿ ಮುಂದಾಳು ಹಾಡಿದ ಸಾಲನ್ನು ಮೇಳವು ಎತ್ತಿಕೊಳ್ಳುವುದನ್ನು ಕೇಳಿದವರಿಗೆ ಇದು ಅಪರಿಚಿತವೆನಿಸದು. ಆದರೆ ಇಷ್ಟು ವಾದ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಪ್ರತಿಯೊಬ್ಬನಿಗೂ ಅವನವನ ಪಾಲನ್ನು ಮೊದಲೇ ಬರೆದುಕೊಡಬೇಕು. ಆ ಬರವಣಿಗೆಯೇ ಸಂಯೋಜಕರ ಕೆಲಸ.

ಮೇರಿ ಲೂ ಅವರ ತಲೆಯಲ್ಲಿ ನಾದಗಳು ತುಂಬಿದ್ದವು. ಅವನ್ನು ಬರೆಯುವ ವಿದ್ಯೆ ಮಾತ್ರ ಇರಲಿಲ್ಲ. ಅವರು ಪಿಯಾನೋ ಮೇಲೆ ನುಡಿಸಿ ತೋರಿಸಿದಂತೆ ಕರ್ಕ್ ಪಕ್ಕದಲ್ಲಿ ಕುಳಿತು ಕಾಗದದ ಮೇಲೆ ಇಳಿಸಿಕೊಂಡರು. ಸ್ವರಲಿಪಿಯ ಮೂಲಪಾಠಗಳನ್ನು ಹೇಳಿಕೊಟ್ಟರು. ಮೇರಿ ತಾವೇ ಬರೆಯಲು ಆರಂಭಿಸಿದಾಗ ಕೆಲವು ಸ್ವರಗಳು ಆ ವಾದ್ಯಗಳಿಗೆ ಎಟುಕದಷ್ಟು ಮೇಲಿದ್ದು, ವಾದಕರು ನಕ್ಕದ್ದೂ ಉಂಟು. ನಾಯಕರು ಮಾತ್ರ ತಿದ್ದಿ ಮತ್ತೆ ಬರೆಯಿಸಿದರು. ಮನೆಯ ಯಜಮಾನನು ಹೊಸ ಸೊಸೆಯ ಮೊದಲ ಅಡಿಗೆಯನ್ನು ತಪ್ಪೆಣಿಸದೆ ಉಂಡಂತೆ ಅವರು ಆ ಮೊದಲ ರಚನೆಗಳನ್ನು ಸ್ವೀಕರಿಸಿದರು. ಹೆಣ್ಣೊಬ್ಬಳು ಬರೆದುದನ್ನು ಗಂಡಸರ ತಂಡವು ನುಡಿಸುವುದು ಆ ಕಾಲಕ್ಕೆ ತೀರ ಅಪರೂಪವಾಗಿತ್ತೆಂಬುದನ್ನು ನೆನೆದರೆ ಕರ್ಕರ ದೊಡ್ಡತನ ತಿಳಿಯುತ್ತದೆ.

ಆ ತಾಳ್ಮೆಗೆ ಫಲ ದೊರೆಯಿತು. 1936ರಲ್ಲಿ ತಂಡದ ಗ್ರಾಮಫೋನ್ ತಟ್ಟೆಗಳು ದೇಶದಾದ್ಯಂತ ಮನೆಮಾತಾದವು. ಮೇರಿ ಲೂ ಅವರ ರಚನೆಗಳಿಗೆ ಇತರ ನಾಯಕರಿಂದಲೂ ಬೇಡಿಕೆ ಬಂದಿತು. ಸ್ವಿಂಗ್ ಸಂಗೀತದ ದೊರೆಯೆಂದು ಖ್ಯಾತರಾಗಿದ್ದ ಬೆನ್ನಿ ಗುಡ್‌ಮನ್ನರಿಗೆ 1937ರಲ್ಲಿ ಅವರು ರಚಿಸಿಕೊಟ್ಟ ‘ರೋಲ್ ಎಮ್’ ಬಹು ಜನಪ್ರಿಯವಾಯಿತು. ತಮಗೊಬ್ಬರಿಗೇ ಬರೆಯಬೇಕೆಂದು ಗುಡ್‌ಮನ್ನರು ಕರೆದಾಗ ಮೇರಿ ಲೂ ಒಪ್ಪಲಿಲ್ಲ. ಹಗಲಿಡೀ ಪ್ರಯಾಣ, ರಾತ್ರಿಯಿಡೀ ವಾದನ, ಕರಿಯರೆಂಬ ಕಾರಣಕ್ಕೆ ತಂಗಲು ಹೋಟೆಲು ಸಿಗದ ಊರುಗಳು, ಮೋಟಾರಿನೊಳಗೆ ಬೆಳಕಿನ ಕೈದೀಪ ಹಿಡಿದು ಬರೆದ ಸ್ವರಗಳು, ಇವೆಲ್ಲದರ ನಡುವೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಅವರು ಕರ್ಕರ ತಂಡದ ಬೆನ್ನೆಲುಬಾಗಿದ್ದರು.

ಎಲ್ಲವೂ ಸುಖವಾಗಿತ್ತೆಂದಲ್ಲ. ದುಡಿಮೆಗೆ ತಕ್ಕ ಸಂಬಳ ದೊರೆಯಲಿಲ್ಲವೆಂಬ ನೋವು ಅವರಿಗಿತ್ತು. ತಂಡದೊಳಗೆ ಮನಸ್ತಾಪಗಳೂ ತಲೆದೋರಿದವು. ಜಾನ್ ವಿಲಿಯಮ್ಸರೊಡನೆ ಬಾಳು ಮುರಿದಿತ್ತು. 1942ರಲ್ಲಿ ಅವರು ತಂಡದಿಂದ ಹೊರಬಂದರು. ಕರ್ಕರ ತಂಡವೂ 1948ರಲ್ಲಿ ವಿಸರ್ಜನೆಗೊಂಡಿತು. ಮುಂದೆ ಅವರು ಹಾರ್ಲೆಮ್‌ನ ಹೋಟೆಲೊಂದರ ವ್ಯವಸ್ಥಾಪಕರಾಗಿ ದುಡಿದರು.

ಕೀರ್ತಿಯ ನಡುವೆ ಬರಿದಾದ ಮನಸ್ಸು

ನ್ಯೂಯಾರ್ಕಿನಲ್ಲಿ ಮೇರಿ ಲೂ ಅವರ ಕೀರ್ತಿ ಮತ್ತಷ್ಟು ಬೆಳೆಯಿತು. ಹನ್ನೆರಡು ರಾಶಿಗಳನ್ನು ಕುರಿತ ‘ಜೋಡಿಯಾಕ್ ಸೂಟ್’ ಎಂಬ ಅವರ ಕೃತಿಮಾಲೆಯನ್ನು 1945ರ ಡಿಸೆಂಬರ್ 31ರಂದು ಟೌನ್ ಹಾಲಿನಲ್ಲಿ ನುಡಿಸಲಾಯಿತು. ಹಾರ್ಲೆಮ್‌ನ ಅವರ ಮನೆಯು ಹೊಸ ಪೀಳಿಗೆಯ ಸಂಗೀತಗಾರರ ತವರಾಯಿತು. ಥೆಲೋನಿಯಸ್ ಮಂಕ್, ಬಡ್ ಪವೆಲ್, ಡಿಜ್ಜಿ ಗಿಲೆಸ್ಪಿ ಮುಂತಾದವರು ರಾತ್ರಿಯ ಕೆಲಸ ಮುಗಿಸಿ ಅಲ್ಲಿಗೆ ಬಂದು, ಬೆಳಗಿನವರೆಗೆ ನುಡಿಸಿ, ತಿದ್ದಿಸಿಕೊಂಡು, ಅವರ ಕೈಯಡಿಗೆಯನ್ನು ಉಂಡು ಹೋಗುತ್ತಿದ್ದರು. ಆಂಡಿ ಕರ್ಕ್ ತಮಗೆ ಇತ್ತುದನ್ನು ಅವರು ಕಿರಿಯರಿಗೆ ಹೀಗೆ ಸಲ್ಲಿಸಿದರು.

1952ರಲ್ಲಿ ಕೆಲವೇ ದಿನಗಳಿಗೆಂದು ಇಂಗ್ಲೆಂಡಿಗೆ ಹೋದವರು ಎರಡು ವರ್ಷ ಯೂರೋಪಿನಲ್ಲೇ ಉಳಿದರು. ಹೊರಗೆ ಚಪ್ಪಾಳೆ, ಒಳಗೆ ಬರಿದು. ಸಂಗಾತಿಗಳಲ್ಲಿ ಅನೇಕರು ಮಾದಕವಸ್ತುಗಳಿಗೆ ತುತ್ತಾಗುತ್ತಿದ್ದರು. 1954ರಲ್ಲಿ ಲಂಡನ್ನಿನ ‘ಮೆಲೊಡಿ ಮೇಕರ್’ ಪತ್ರಿಕೆಯು ಅವರ ಆತ್ಮಕಥನವನ್ನು ಕಂತುಗಳಲ್ಲಿ ಪ್ರಕಟಿಸಿತು. ತಮ್ಮ ಮನಸ್ಸು ಅತ್ಯಂತ ಕುಸಿದಿದ್ದ ಆ ವರ್ಷದಲ್ಲೇ ಅವರು ಕ್ಯಾನ್ಸಸ್ ಸಿಟಿಯ ದಿನಗಳನ್ನೂ, ತಮ್ಮ ಹಾಡುಗಳನ್ನು ಕಾಗದಕ್ಕಿಳಿಸಿದ ಹಳೆಯ ನಾಯಕನನ್ನೂ ಕೃತಜ್ಞತೆಯಿಂದ ನೆನೆದರು. ತಂಡವನ್ನು ಬಿಟ್ಟು ಹನ್ನೆರಡು ವರ್ಷಗಳು ಕಳೆದಿದ್ದವು. ಸಂಬಳದ ನೋವು ಮರೆತಿರಲಿಲ್ಲ. ಆದರೂ ಉಪಕಾರವನ್ನು ಉಪಕಾರವೆಂದೇ ಬರೆದರು. ಕ್ಯಾನ್ಸಸ್ ಸಿಟಿಯ ಆ ಕಾಲದ ಸಂಗೀತವನ್ನು ಕುರಿತು ಬರೆಯುವವರು ಇಂದಿಗೂ ಆ ಬರಹವನ್ನು ಆಶ್ರಯಿಸುತ್ತಾರೆ. ನಾಯಕನೊಬ್ಬನಿಗೆ ಅವನ ವಾದಕಿಯು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹೆಚ್ಚಿನದಿರಲಾರದು.

ಅದೇ ವರ್ಷ ಪ್ಯಾರಿಸ್ಸಿನ ವಿಲಾಸಗೃಹವೊಂದರಲ್ಲಿ ಪಿಯಾನೋ ನುಡಿಸುತ್ತಿದ್ದವರು ಎದ್ದು ಹೊರನಡೆದರು. ಜಾಝ್ ಸಂಗೀತಕ್ಕೆ ಬೆನ್ನು ತಿರುಗಿಸಿ ವರ್ಷದ ಕೊನೆಗೆ ಸ್ವದೇಶಕ್ಕೆ ಮರಳಿದರು. ಮರುವರ್ಷ ಮಾರ್ಚಿನಲ್ಲಿ ಮಹಾನ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 34ರ ಪ್ರಾಯದಲ್ಲಿ ತೀರಿಕೊಂಡಾಗ ಅವರ ದುಃಖ ಇಮ್ಮಡಿಸಿತು.

ಪ್ರಾರ್ಥನೆಯ ಬಾಗಿಲು

ಮನೆಯ ಸಮೀಪದಲ್ಲಿ ಲೂರ್ದ್ ಮಾತೆಯ ಕಥೋಲಿಕ ದೇವಾಲಯವಿತ್ತು. ಹಗಲೆಲ್ಲ ಅದರ ಬಾಗಿಲು ತೆರೆದಿರುತ್ತಿತ್ತು. ಆ ತೆರೆದ ಬಾಗಿಲೇ ಅವರನ್ನು ಒಳಕ್ಕೆ ಕರೆಯಿತು. ತಾಸುಗಟ್ಟಲೆ ಮೌನವಾಗಿ ಮೊಣಕಾಲೂರಿ, ತಮಗೆ ತಿಳಿದವರೆಲ್ಲರ ಹೆಸರುಗಳ ಪಟ್ಟಿಯನ್ನು ಹಿಡಿದು ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಬೀದಿಯ ಬಡವರನ್ನೂ ವ್ಯಸನಿಗಳನ್ನೂ ಮನೆಗೆ ಕರೆತಂದು ಅನ್ನವಿಟ್ಟು ಉಪಚರಿಸಿದರು.

ಯೇಸುಸಭೆಯ ಪೂಜ್ಯ ಆಂತೊನಿ ವುಡ್ಸ್ ಸ್ವಾಮಿಗಳು ಅವರಿಗೆ ಧರ್ಮೋಪದೇಶ ನೀಡಿದರು. 1957ರ ಮೇ 7ರಂದು ನ್ಯೂಯಾರ್ಕಿನ ಸಂತ ಲೊಯೋಲ ಇಗ್ನಾಸಿಯವರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಡಿಜ್ಜಿ ಗಿಲೆಸ್ಪಿಯವರ ಪತ್ನಿ ಲೊರೇನ್ ಕೂಡ ಅವರೊಡನೆ ಧರ್ಮಸಭೆಯನ್ನು ಸೇರಿದರು.

ಸಂಗೀತವು ಪಾಪದ ದಾರಿಯೆಂದು ಬಿಟ್ಟುಬಿಟ್ಟಿದ್ದ ಅವರಿಗೆ ಗುರುಗಳು ಬೇರೊಂದು ದಾರಿ ತೋರಿದರು. ದೇವರು ಕೊಟ್ಟ ವರವನ್ನು ಹೂತಿಡುವುದು ಭಕ್ತಿಯಲ್ಲ, ಅದನ್ನೇ ಪ್ರಾರ್ಥನೆಯಾಗಿ ಅರ್ಪಿಸಬೇಕೆಂಬುದು ಅವರ ಬೋಧೆಯ ಸಾರ. ತಲಾಂತುಗಳ ಸಾಮತಿಯನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ. 1957ರ ಜುಲೈನಲ್ಲಿ ನ್ಯೂಪೋರ್ಟಿನ ಉತ್ಸವದಲ್ಲಿ ಗಿಲೆಸ್ಪಿಯವರ ತಂಡದೊಡನೆ ಅವರು ಮತ್ತೆ ಪಿಯಾನೋ ಮುಂದೆ ಕುಳಿತರು. ವ್ಯಸನಕ್ಕೆ ಸಿಲುಕಿದ ಸಂಗೀತಗಾರರ ನೆರವಿಗಾಗಿ ಬೆಲ್ ಕ್ಯಾಂಟೊ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಹಳೆಯ ಬಟ್ಟೆಬರೆಗಳನ್ನು ಮಾರುವ ಅಂಗಡಿಯನ್ನು ನಡೆಸಿ ಅದಕ್ಕೆ ಹಣ ಕೂಡಿಸಿದರು.

ಬಲಿಪೀಠದ ಬಳಿಗೆ

ಆಗಿನ ಕಟ್ಟಳೆಗಳನ್ನು ನೋಡಿದರೆ ಮುಂದಿನ ಸಾಹಸದ ಬೆಲೆ ತಿಳಿಯುತ್ತದೆ. ಜಗದ್ಗುರು ಹತ್ತನೆಯ ಭಕ್ತಿನಾಥರು 1903ರಲ್ಲಿ ಹೊರಡಿಸಿದ ಆಜ್ಞಾಪತ್ರವು ದೇವಾಲಯಗಳಲ್ಲಿ ಪಿಯಾನೋವನ್ನೂ ಡ್ರಮ್, ತಾಳ ಮೊದಲಾದ ವಾದ್ಯಗಳನ್ನೂ ನಿಷೇಧಿಸಿತ್ತು. ಪೂಜಾ ಗಾಯಕವೃಂದದಲ್ಲಿ ಸ್ತ್ರೀಯರಿಗೆ ಎಡೆಯಿಲ್ಲವೆಂದಿತ್ತು. ಮೇರಿ ಲೂ ಸ್ತ್ರೀ, ಅವರ ವಾದ್ಯ ಪಿಯಾನೋ, ಅವರ ಸಂಗೀತಕ್ಕೆ ಡ್ರಮ್ ಇಲ್ಲದೆ ಗತಿಯಿಲ್ಲ. ಆ ಪತ್ರದ ಉದ್ದೇಶ ಪೂಜೆಯ ಗಾಂಭೀರ್ಯವನ್ನು ಕಾಯುವುದೇ ಆಗಿತ್ತು. ಅವರೂ ಬಯಸಿದ್ದು ಅದೇ ಗಾಂಭೀರ್ಯವನ್ನು; ಆದರೆ ತಮ್ಮ ಜನರ ನೋವಿನಿಂದ ಹುಟ್ಟಿದ ಸ್ವರಗಳಲ್ಲಿ.

ಪೆರು ದೇಶದ ಲೀಮಾ ನಗರದಲ್ಲಿ 1579ರಿಂದ 1639ರವರೆಗೆ ಬಾಳಿದ ಮಾರ್ಟಿನ್ ದ ಪೋರಸ್ ಎಂಬ ಧರ್ಮಸಹೋದರರು ಕರಿಯ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದವರು. ದೊಮಿನಿಕ್ ಸಭೆಯ ಮಠದಲ್ಲಿ ಕಸ ಗುಡಿಸಿ, ರೋಗಿಗಳ ಸೇವೆಮಾಡಿ ಬಾಳು ಸವೆಸಿದವರು. 1962ರ ಮೇ 6ರಂದು ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಅವರನ್ನು ಸಂತರೆಂದು ಘೋಷಿಸಿದರು. ಅದೇ ವರ್ಷ ಮೇರಿ ಲೂ ಈ ಸಂತರನ್ನು ಕುರಿತು ಗೀತೆಯೊಂದಕ್ಕೆ ಸಂಗೀತ ರಚಿಸಿದರು. ಸಾಹಿತ್ಯ ವುಡ್ಸ್ ಸ್ವಾಮಿಗಳದು. ನವೆಂಬರಿನಲ್ಲಿ ನ್ಯೂಯಾರ್ಕಿನ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿ ಅದನ್ನು ಹಾಡಲಾಯಿತು. ಬಹುಪಾಲು ಕಂಠಗಳಿಂದಲೇ ಸಾಗುವ ಆ ಗೀತೆಯ ನಡುವೆ ಪಿಯಾನೋ ಸ್ವಲ್ಪವೇ ಕಾಲ ನುಡಿದು ಮೌನವಾಗುತ್ತದೆ.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಶಾಸನವನ್ನು ಹೊರಡಿಸಿತು. ಜನರ ಭಾಷೆಗೂ ಅವರವರ ಸಂಗೀತ ಪರಂಪರೆಗೂ ಪೂಜೆಯಲ್ಲಿ ಸ್ಥಾನ ದೊರೆಯಿತು. ನಮ್ಮ ನಾಡಿನ ದೇವಾಲಯಗಳಲ್ಲಿ ಲತೀನ್ ಭಾಷೆಯ ಬದಲು ಕನ್ನಡವೂ, ಹಾರ್ಮೋನಿಯಂ ತಬಲಗಳೊಡನೆ ಕೀರ್ತನೆ ಭಜನೆಗಳೂ ನೆಲೆಗೊಂಡದ್ದು ಇದೇ ಶಾಸನದ ಫಲ. ಇಲ್ಲಿ ತಬಲಕ್ಕೆ ತೆರೆದ ಬಾಗಿಲೇ ಅಲ್ಲಿ ಮೇರಿ ಲೂ ಅವರ ಪಿಯಾನೋಗೂ ತೆರೆಯಿತು.

ಪಿಟ್ಸ್‌ಬರ್ಗಿನ ಧರ್ಮಾಧ್ಯಕ್ಷ ಜಾನ್ ರೈಟ್ ಅವರು ಪ್ರೋತ್ಸಾಹ ನೀಡಿ, ಅಲ್ಲಿನ ಕಥೋಲಿಕ ಶಾಲೆಯಲ್ಲಿ ಅವರು ಪಾಠ ಹೇಳುವಂತೆ ಮಾಡಿದರು. ಆ ವಿದ್ಯಾರ್ಥಿನಿಯರೊಡನೆಯೇ 1967ರಲ್ಲಿ ಅವರ ಮೊದಲ ಪೂಜಾಸಂಗೀತ ಸಿದ್ಧವಾಯಿತು. 1968ರಲ್ಲಿ ತಪಸ್ಸುಕಾಲಕ್ಕೆಂದು ಎರಡನೆಯದನ್ನು ರಚಿಸಿದರು. ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗದ ಪ್ರೇರಣೆಯಿಂದ ಶಾಂತಿಗಾಗಿ ರಚಿಸಿದ ಮೂರನೆಯದೇ ಮುಂದೆ ‘ಮೇರಿ ಲೂಸ್ ಮಾಸ್’ ಎಂದು ಪ್ರಸಿದ್ಧವಾಯಿತು. 1971ರಲ್ಲಿ ನೃತ್ಯಾಚಾರ್ಯ ಆಲ್ವಿನ್ ಏಲಿಯವರು ಅದಕ್ಕೆ ನೃತ್ಯ ಹೊಂದಿಸಿದರು.

1975ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಸಂತ ಪ್ಯಾಟ್ರಿಕರ ಪ್ರಧಾನಾಲಯದಲ್ಲಿ ನಡೆದ ದಿವ್ಯಬಲಿಪೂಜೆಯಲ್ಲಿ ಈ ಸಂಗೀತವು ಮೊಳಗಿತು. ಮಕ್ಕಳ ಗಾಯಕವೃಂದ ಹಾಡಿತು. ಅರವತ್ತೈದರ ಹೊಸ್ತಿಲಲ್ಲಿದ್ದ ಮೇರಿ ಲೂ ಪಿಯಾನೋ ನುಡಿಸಿದರು. ಸಾವಿರಾರು ಜನ ನೆರೆದಿದ್ದರು. ಕ್ಯಾನ್ಸಸ್ ಸಿಟಿಯ ನೃತ್ಯಶಾಲೆಯಲ್ಲಿ ಆಂಡಿ ಕರ್ಕ್ ತಿದ್ದಿಕೊಟ್ಟ ಸ್ವರಲಿಪಿಯ ವಿದ್ಯೆ ಅಂದು ಪ್ರಭುವಿನ ಬಲಿಪೀಠವನ್ನು ಮುಟ್ಟಿತು.

ಕೊನೆಯ ದಿನಗಳು

1977ರಿಂದ ಉತ್ತರ ಕೆರೊಲಿನದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅವರು ಬೋಧಿಸಿದರು. ಜಾಝ್ ಸಂಗೀತದ ಚರಿತ್ರೆಯನ್ನು ಅವರು ಮರದ ಚಿತ್ರವೊಂದರ ಮೂಲಕ ವಿವರಿಸುತ್ತಿದ್ದರು. ಆ ಮರದ ಬೇರು ಗುಲಾಮರ ಸಂಕಟ. ಕಾಂಡದಲ್ಲಿ ಭಕ್ತಿಗೀತೆಗಳು, ಅದರ ಮೇಲೆ ಸ್ವಿಂಗ್. ಎಲೆಗಳಲ್ಲಿ ಸಂಗೀತಗಾರರ ಹೆಸರುಗಳು. ತೆಂಗನ್ನು ನೆಟ್ಟವನೊಬ್ಬ, ಎಳನೀರು ಕುಡಿಯುವವನೊಬ್ಬ ಎಂಬುದನ್ನು ನಮ್ಮ ತಿಪಟೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೇರನ್ನು ಮರೆತ ಕೊಂಬೆ ಒಣಗುತ್ತದೆ ಎಂಬುದೇ ಅವರ ಪಾಠದ ತಿರುಳು. 1980ರಲ್ಲಿ ಎಳೆಯ ಮಕ್ಕಳಿಗೆ ಈ ಸಂಗೀತವನ್ನು ಕಲಿಸುವ ಸಲುವಾಗಿ ತಮ್ಮ ಹೆಸರಿನ ನಿಧಿಯೊಂದನ್ನು ಸ್ಥಾಪಿಸಿದರು. ಅರ್ಬುದ ರೋಗದ ಬಾಧೆಯ ನಡುವೆಯೂ ಪಾಠ ನಿಲ್ಲಲಿಲ್ಲ. ಯೇಸುಸಭೆಯ ಪೂಜ್ಯ ಪೀಟರ್ ಒಬ್ರಿಯನ್ ಸ್ವಾಮಿಗಳು ಅವರ ಕಾರ್ಯಗಳನ್ನು ನೋಡಿಕೊಂಡು ಕೊನೆಯವರೆಗೂ ಜೊತೆಗಿದ್ದರು.

1981ರ ಮೇ 28ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ಜ್ಞಾನಸ್ನಾನ ಪಡೆದ ದೇವಾಲಯದಲ್ಲೇ ಅವರ ಅಂತಿಮ ಬಲಿಪೂಜೆ ನಡೆದು, ಬಾಲ್ಯದ ಪಿಟ್ಸ್‌ಬರ್ಗಿನ ಕಥೋಲಿಕ ಸ್ಮಶಾನದಲ್ಲಿ ಸಮಾಧಿಯಾಯಿತು. ಹಳೆಯ ನಾಯಕ ಆಂಡಿ ಕರ್ಕ್ ಅವರಿಗಿಂತ ಹನ್ನೆರಡು ವರ್ಷ ಹಿರಿಯರಾಗಿದ್ದರೂ 1992ರವರೆಗೆ ಬಾಳಿದರು.

ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಂತಹ ಋಣಗಳಿವೆ. ಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸಿದವರು, ಹಾರ್ಮೋನಿಯಂ ಹಿಡಿದು ಮಕ್ಕಳಿಗೆ ಕೀರ್ತನೆ ಕಲಿಸಿದ ಉಪದೇಶಿಗಳು, ತಪ್ಪು ಸ್ವರವನ್ನು ನಗದೆ ತಿದ್ದಿದ ಹಿರಿಯರು ಅನೇಕರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಶಿಲಾಫಲಕದ ಮೇಲೂ ಇಲ್ಲ. ನೂರು ವರ್ಷಗಳ ಹಾಡಿನಲ್ಲಿ ಅವರ ಪಾಲು ಮಾತ್ರ ಉಳಿದಿದೆ. ಅವರನ್ನು ನೆನೆದು, ಅವರಿಂದ ಪಡೆದುದನ್ನು ಇಂದಿನ ಮಕ್ಕಳ ಕೈಗೆ ದಾಟಿಸುವುದು ನಮ್ಮ ಕರ್ತವ್ಯ. ಮೇರಿ ಲೂ ವಿಲಿಯಮ್ಸರ ಆತ್ಮಕ್ಕೂ, ನಮ್ಮ ಹಾಡಿನ ಹಿರಿಯರೆಲ್ಲರ ಆತ್ಮಗಳಿಗೂ ಪ್ರಭುವು ನಿತ್ಯ ವಿಶ್ರಾಂತಿಯನ್ನು ಕರುಣಿಸಲಿ.